ಅಪ್ಪನ ಮಂಚದ ಜಾಗ

"ಡಗ್ಗಾ ಭಾಳ ಗುಂಯ್‌ಗುಡತೈತಿ ತಮ್ಮಾ. ಅಣ್ಣಾವ್ರ ದನಿ ಅದರಾಗ ಮುಳುಗಿ ಹೋಗೈತಿ."

ಹೊಸ ಸ್ಪೀಕರ್ ಮನೆಗೆ ಬಂದ ಮೂರನೇ ದಿನ ಅಪ್ಪ ಹೇಳಿದ ಮಾತಿದು. ಡಗ್ಗಾ ಅಂದರೆ ತಬಲಾ ಜೋಡಿಯಲ್ಲಿ ದಪ್ಪ ದನಿಯದು, ಅಣ್ಣಾವ್ರು ಅಂದರೆ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು. ಧಾರವಾಡದಲ್ಲಿ ಅವರನ್ನು ಎದುರಿಗೇ ಕೂತು ಕೇಳಿದ ಕಿವಿ ಅಪ್ಪನದು. ಆ ಕಿವಿಗೆ ನಾನು, "ವಯಸ್ಸಾತಲ್ಲ ಅಪ್ಪಾ, ಒಮ್ಮೆ ಡಾಕ್ಟರಿಗೆ ತೋರಿಸ್ಕೊಂಡು ಬರೋಣ" ಅಂದೆ. ತೋರಿಸಿಯೂ ತೋರಿಸಿದೆ. ಡಾಕ್ಟರು ಗ್ರಾಫ್ ತೆಗೆದು, ತೀರಾ ಮೇಲಿನ ಸದ್ದು ಈ ವಯಸ್ಸಿನಲ್ಲಿ ಎಲ್ಲರಿಗೂ ಕಡಿಮೆಯಾಗುವಷ್ಟೇ ಕಡಿಮೆಯಾಗಿದೆ, ಕೆಳಗಿನ ಸದ್ದೆಲ್ಲ ಚೆನ್ನಾಗಿ ಕೇಳುತ್ತದೆ ಅಂದರು. ಗ್ರಾಫಿನ ಎಡಗಡೆ ಗೆರೆ ನೆಟ್ಟಗೆ ಇತ್ತು. ಅಪ್ಪ ದೂರು ಹೇಳಿದ್ದು ಆ ಕೆಳಗಿನ ಸದ್ದಿನ ಬಗ್ಗೆಯೇ ಎಂಬುದು ಅಲ್ಲಿ ಕೂತಿದ್ದಾಗಲೂ ನನಗೆ ಹೊಳೆಯಲಿಲ್ಲ.

ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಅಪ್ಪನ ಕೋಣೆ ಹತ್ತಡಿಗೆ ಹತ್ತಡಿ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸಂಗೀತ ಕೇಳುವ ಕೋಣೆಯೂ ಅದೇ. ಒಂದು ಗೋಡೆಗೆ ಆಂಪ್ಲಿಫೈಯರ್, ಸ್ಪೀಕರು. ಎದುರು ಗೋಡೆಗೆ ಅಪ್ಪನ ಮಂಚ. ಹಳೆಯ ಸ್ಪೀಕರುಗಳು ಅಪ್ಪ ನೌಕರಿಯಲ್ಲಿದ್ದಾಗ ಉಳಿಸಿದ ದುಡ್ಡಿನಲ್ಲಿ ಕೊಂಡ, ಬಗಲಲ್ಲಿ ಹಿಡಿಯುವಂಥ ಮರದ ಪೆಟ್ಟಿಗೆಗಳು. ಎಲ್ಲ ಕಡೆ ಮುಚ್ಚಿದ್ದವು, ಹಿಂದೆ ಮುಂದೆ ತೂತಿಲ್ಲ. ಒಂದರ ಜಾಲರಿ ಬಟ್ಟೆ ಮೂಲೆಯಲ್ಲಿ ಹರಿದಿತ್ತು, ಅಮ್ಮ ಅದಕ್ಕೆ ಕಂದು ದಾರದಲ್ಲಿ ಹೊಲಿಗೆ ಹಾಕಿದ್ದಳು. ಅಪ್ಪನಿಗೆ ಇನ್ನೂ ದೊಡ್ಡದು, ಒಳ್ಳೆಯದು ಕೊಡಿಸಬೇಕು ಅಂತ ನನಗೆ ಎಷ್ಟೋ ವರ್ಷಗಳಿಂದ ಆಸೆ. ಬೋನಸ್ ಬಂದ ವರ್ಷ 64,000 ರೂಪಾಯಿ ಕೊಟ್ಟು ಎದೆಯೆತ್ತರದ ಒಂದು ಜೊತೆ ತಂದೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕಿದೆ, ಅಂಗಡಿಯವರು 3,000 ಹಿಡಿದುಕೊಂಡರು.

ಅಂಗಡಿಯಲ್ಲಿ ನಾನು ಮಾಡಿದ ತಪ್ಪುಗಳನ್ನು ಬಿಡಿಸಿ ಹೇಳಬೇಕು. ಅಲ್ಲಿಯ ಹಾಲ್ ನಮ್ಮ ಕೋಣೆಯ ನಾಲ್ಕು ಪಟ್ಟು ಇತ್ತು. ನೆಲಕ್ಕೆ ದಪ್ಪ ಕಾರ್ಪೆಟ್, ಗೋಡೆಗೆ ಬಟ್ಟೆಯ ಹೊದಿಕೆ. ನಮ್ಮಲ್ಲಿ ಟೈಲ್ಸ್, ಗಾಜಿನ ಕಿಟಕಿ, ಒಂದು ಜಮಖಾನ. ಎರಡು ಜೊತೆಗಳನ್ನು ಒಂದಾದ ಮೇಲೊಂದು ಹಾಕಿ ತೋರಿಸಿದರು. ಒಂದರ ಸೆನ್ಸಿಟಿವಿಟಿ 86 ಡೆಸಿಬಲ್, ಇನ್ನೊಂದರದು 90. ವಾಲ್ಯೂಮ್ ಗುಂಡಿ ಮುಟ್ಟದಿದ್ದರೆ ಎರಡನೆಯದು ನಾಲ್ಕು ಡೆಸಿಬಲ್ ಜೋರಾಗಿಯೇ ನುಡಿಯುತ್ತದೆ, ಜೋರಾಗಿದ್ದದ್ದನ್ನು ಕಿವಿ ಚೆನ್ನಾಗಿದೆ ಅಂತ ತಿಳಿಯುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸಿ ಅಂತ ಕೇಳಲು ನನಗೆ ಗೊತ್ತಿರಲಿಲ್ಲ. ಮನೆಯಿಂದ ಮನ್ಸೂರರ ಒಂದು ಸಿ.ಡಿ. ಕೂಡ ಒಯ್ದಿರಲಿಲ್ಲ. ಅವರು ಹಾಕಿದ ಡ್ರಮ್ಮಿನ ಹಾಡು ಕೇಳಿ ಎದೆ ನಡುಗಿತು, ಅದಕ್ಕೇ ಮರುಳಾದೆ. ಓಮ್ಸ್ ಲೆಕ್ಕವನ್ನೂ, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯನ್ನೂ, ನೋಡಲಿಲ್ಲ. ನಮ್ಮದು ಎಂಟು ಓಮ್ಸಿಗೆ ಮಾಡಿದ ಹಳೆಯ ಆಂಪ್ಲಿಫೈಯರ್, ತಂದದ್ದು ನಾಲ್ಕು ಓಮ್ಸಿನ ಸ್ಪೀಕರ್. ಅಷ್ಟೇ ವೋಲ್ಟೇಜಿಗೆ ಎರಡು ಪಟ್ಟು ಕರೆಂಟ್ ಎಳೆಯುತ್ತದೆ. ಅರ್ಧ ಗಂಟೆ ಹಾಡಿಸಿದರೆ ಆಂಪ್ಲಿಫೈಯರಿನ ಮುಚ್ಚಳದ ಮೇಲೆ ಕೈ ಇಡಲಾಗುತ್ತಿರಲಿಲ್ಲ, ಎರಡು ಸಲ ತಾನಾಗಿಯೇ ಬಂದ್ ಆಯಿತು.

ಇದೆಲ್ಲ ದುಡ್ಡಿನ ನಷ್ಟ. ಅಪ್ಪನ ವಿಷಯ ಬೇರೆ.

ನಾನು ಕೇಳುತ್ತಿದ್ದದ್ದು ಕೋಣೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು. ಅಲ್ಲಿ ಡಗ್ಗಾ ತೆಳ್ಳಗೆ ಕೇಳುತ್ತಿತ್ತು, ಅದಕ್ಕೇ ಬಾಸ್ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಿದ್ದೆ. ಹಿಂದೆ ಮಂಚದಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿರುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ, ನಾನು ಸಂಗೀತ ಹಚ್ಚಿದಾಗ ಅವನು ಎದ್ದು ಪಡಸಾಲೆಗೆ ಹೋಗುವ ರೂಢಿ ಮಾಡಿಕೊಂಡ. "ನೀ ಕೇಳು, ನಾ ಇಲ್ಲಿಂದ ಕೇಳತೀನಿ" ಅನ್ನುತ್ತಿದ್ದ. ಆಸಕ್ತಿ ಕಡಿಮೆಯಾಯಿತೇನೋ ಅಂದುಕೊಂಡೆ. ನಾಲ್ಕು ತಿಂಗಳು ಹೀಗೇ ಕಳೆಯಿತು.

ಒಂದು ಭಾನುವಾರ ಮನ್ಸೂರರ ಗೌಡ ಮಲ್ಹಾರ ರಾಗ ಹಚ್ಚಿಟ್ಟು ಮಂಚದ ಹಾಸಿಗೆಬಟ್ಟೆ ಬದಲಿಸುತ್ತಿದ್ದೆ. ಮೂಲೆ ಸಿಕ್ಕಿಸಲು ಮಂಚದ ಮೇಲೆ ಹತ್ತಿ ಗೋಡೆ ಕಡೆ ಬಗ್ಗಿದೆ. ಡಗ್ಗಾದ ಒಂದೊಂದು ಪೆಟ್ಟೂ ಊದಿಕೊಂಡು, ಮುಂದಿನ ಪೆಟ್ಟು ಬರುವವರೆಗೂ ನಿಂತೇ ಇತ್ತು. ತಂಬೂರಿ ಕಲಸಿಹೋಗಿತ್ತು. ಮನ್ಸೂರರು ಯಾವುದೋ ಬಾವಿಯೊಳಗಿಂದ ಹಾಡುತ್ತಿದ್ದಂತಿತ್ತು. ಕೆಳಗಿಳಿದು ಕುರ್ಚಿಗೆ ಬಂದು ಕೂತೆ, ಗುಂಯ್ ಅನ್ನುವುದು ಇಲ್ಲ. ಮತ್ತೆ ಮಂಚ ಹತ್ತಿದೆ, ಇದೆ. ಹಾಸಿಗೆಬಟ್ಟೆ ಕೈಯಲ್ಲೇ ಇತ್ತು.

ಆಮೇಲೆ ಓದಿ ತಿಳಿದೆ. ಬಚ್ಚಲ ಹಂಡೆಯನ್ನು ಒಮ್ಮೆ ಅಲುಗಿಸಿದರೆ ನೀರು ಈ ಅಂಚಿಗೆ ಏರಿ ಆ ಅಂಚಿಗೆ ಇಳಿಯುತ್ತದೆ, ನಡುವೆ ಮಾತ್ರ ಮಟ್ಟ ಹಾಗೇ ಇರುತ್ತದೆ. ಕೋಣೆಯ ಗಾಳಿಯೂ ಹಾಗೆಯೇ ತೂಗುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ತಾನೇ ನುಡಿಯುವ ಮೊದಲ ಶ್ರುತಿ ಸಿಗುತ್ತದೆ. ಹತ್ತಡಿಗೆ ಅದು 56 ಹರ್ಟ್ಸ್. ನಮ್ಮದು ಉದ್ದ, ಅಗಲ, ಎತ್ತರ ಮೂರೂ ಒಂದೇ ಇರುವ ಕೋಣೆ, ಮೂರೂ ಒಂದೇ ಶ್ರುತಿಯಲ್ಲಿ ಕೂಗುತ್ತವೆ. ಹಳೆಯ ಪುಟ್ಟ ಪೆಟ್ಟಿಗೆಗಳು ಅಷ್ಟು ಕೆಳಗೆ ಇಳಿಯುತ್ತಲೇ ಇರಲಿಲ್ಲ, ಕೋಣೆಯನ್ನು ಕೆಣಕುತ್ತಿರಲಿಲ್ಲ. ನಾನು ತಂದವು ಇಳಿಯುತ್ತಿದ್ದವು. ಸಾಲದ್ದಕ್ಕೆ ಕೆಳಗಿನ ಸದ್ದನ್ನು ಹೊರಬಿಡುವ ಅವುಗಳ ಹಿಂಬದಿಯ ತೂತು ಗೋಡೆಗೆ ಒಂದು ಗೇಣು ದೂರ. ಸ್ಪೀಕರನ್ನು ಗೋಡೆಗೆ, ಮೂಲೆಗೆ ಒತ್ತಿದಷ್ಟೂ ಕೆಳಗಿನ ಸದ್ದು ಉಬ್ಬುತ್ತದೆ. ಅಪ್ಪ ಕೂತದ್ದು ಹಂಡೆಯ ಅಂಚಿನಲ್ಲಿ, ನಾನು ನಡುವೆ. ಸರಿಯಾಗಿ ಕೇಳಿದವನು ಅವನು, ನಾನಲ್ಲ.

ಸ್ಪೀಕರುಗಳನ್ನು ಎರಡಡಿ ಮುಂದೆ ತಂದೆ, ನಡೆಯಲು ಜಾಗವಿಲ್ಲ. ತೂತಿಗೆ ಕಾಲುಚೀಲ ತುರುಕಿದೆ, ತುಸು ತಗ್ಗಿತು. ಮಂಚವನ್ನು ಗೋಡೆಯಿಂದ ಸರಿಸಿದರೆ ಅಪ್ಪನಿಗೆ ಬೆನ್ನಿಗೆ ಆಸರೆ ಇಲ್ಲ. ಕೊನೆಗೆ ಸ್ಪೀಕರುಗಳನ್ನು ಅರ್ಧ ಬೆಲೆಗೆ ಮಾರಿದೆ.

ಸಣ್ಣ ಕೋಣೆಗೆ ತಕ್ಕ ಸ್ಪೀಕರ್ ಯಾವುದು ಅಂತ ಹುಡುಕತೊಡಗಿದೆ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಟ್ಟು ಕೇಳಲೆಂದೇ ಎಲ್‌ಎಸ್‌3/5ಎ ಎಂಬ ಮುಚ್ಚಿದ ಪುಟ್ಟ ಪೆಟ್ಟಿಗೆ ರೂಪಿಸಿದ್ದರು. ಜಾಗ ಸಣ್ಣದು ಅಂತ ಒಪ್ಪಿಕೊಂಡು, ಮನುಷ್ಯನ ದನಿಗೆ ಮೊದಲ ಮರ್ಯಾದೆ ಕೊಟ್ಟ ಕೆಲಸ ಅದು. ಅದು ನನ್ನ ಕೈಗೆಟುಕುವ ಬೆಲೆಯದಲ್ಲ, ಆದರೆ ಅದೇ ಜಾಡಿನ, ಎಂಟು ಓಮ್ಸಿನ ಒಂದು ಸಣ್ಣ ಜೊತೆಯನ್ನು ಬೇರೊಂದು ಅಂಗಡಿಯಿಂದ ಮೂರು ದಿನದ ಮಟ್ಟಿಗೆ ಕೇಳಿ ತಂದೆ. ಈ ಸಲ ಕುರ್ಚಿಯನ್ನು ಪಡಸಾಲೆಗೆ ಹಾಕಿ ಮಂಚದ ಮೇಲೆ ಅಪ್ಪನ ಪಕ್ಕ ಕೂತೆ.

ಗೌಡ ಮಲ್ಹಾರ ಶುರುವಾಯಿತು. ಡಗ್ಗಾ ಬಂತು, ಬಂದಷ್ಟೇ ಬೇಗ ಹೋಯಿತು. ಅಪ್ಪ ಕಾಲು ಮಡಿಸಿಕೊಂಡು ಗೋಡೆಗೆ ಒರಗಿದ. "ಅವತ್ತು ನಿನ್ನ ಕಿವಿಗೆ ವಯಸ್ಸಾತು ಅಂದಿದ್ದೆ, ತಪ್ಪಾತು ಅಪ್ಪಾ" ಅಂದೆ. ತಾಳದ ಸಮ್ ಬರುವವರೆಗೂ ಅವನು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದ. ಹಾಡು ಮುಗಿದ ಮೇಲೆ ಕೇಳಿದ: "ಹಳೇವು ಯಾರ ಮನಿಗೆ ಹೋದ್ವು, ಗೊತ್ತೈತೇನು?"

ಮರುದಿನ ಆ ಮೊದಲ ಅಂಗಡಿಗೆ ಹೋಗಿ ವಿಚಾರಿಸಿದೆ. ಒಂದರ ಜಾಲರಿಗೆ ಕಂದು ದಾರದ ಹೊಲಿಗೆ ಇದೆ ಅಂತ ಗುರುತು ಹೇಳಿದೆ. ಯಾವಾಗಲೋ ಹೋಗಿಬಿಟ್ಟಿವೆ, ಬಿಲ್ ಬರೆದಿಲ್ಲ ಅಂದರು.