ವಿದ್ಯಾಕಾಶಿಯ ಬುತ್ತಿ

ಧಾರವಾಡವೆಂದೊಡನೆ ಪರಸ್ಥಳದವರಿಗೆ ಮೊದಲು ನೆನಪಾಗುವುದು ಪೇಢೆ. ಸಾಹಿತ್ಯಪ್ರಿಯರಿಗಾದರೆ ಸಾಧನಕೇರಿ ಮತ್ತು ಬೇಂದ್ರೆಯವರು. ಸಂಗೀತಪ್ರಿಯರಿಗೆ ಮಲ್ಲಿಕಾರ್ಜುನ ಮನಸೂರರು. ಮಳೆಗಾಲದಲ್ಲಿ ಒಮ್ಮೆ ಬಂದುಹೋದವರು ಇಲ್ಲಿಯ ಜಿಟಿಜಿಟಿ ಮಳೆಯನ್ನೂ ಕೆಮ್ಮಣ್ಣಿನ ಕೆಸರನ್ನೂ ಮರೆಯಲಾರರು. ಆದರೆ ಈ ಊರಿನ ನಿಜವಾದ ಒಕ್ಕಲು ಯಾರೆಂದು ಕೇಳಿದರೆ ವಿದ್ಯಾರ್ಥಿಗಳೆಂದೇ ಹೇಳಬೇಕು. ಪಡುವಣಕ್ಕೆ ಮಲೆನಾಡು, ಮೂಡಣಕ್ಕೆ ಎರೆಭೂಮಿಯ ಬಯಲುಸೀಮೆ. ಈ ಎರಡರ ಹೊಸ್ತಿಲಲ್ಲಿ ಕುಳಿತ ಧಾರವಾಡಕ್ಕೆ ವರ್ಷವರ್ಷವೂ ಹೊಸ ಹುಡುಗರು, ಹೊಸ ಹುಡುಗಿಯರು ಬರುತ್ತಾರೆ. ಮೂರು ವರ್ಷವೋ ಐದು ವರ್ಷವೋ ಇದ್ದು ಹೋಗುತ್ತಾರೆ. ಅವರು ಇಲ್ಲಿ ಏನನ್ನು ಓದುತ್ತಾರೆಂಬುದನ್ನು ವಿಶ್ವವಿದ್ಯಾಲಯದ ಪಠ್ಯಪಟ್ಟಿ ಹೇಳುತ್ತದೆ. ಏನನ್ನು ಉಂಡು ಓದುತ್ತಾರೆಂಬುದನ್ನು ತಿಳಿಯಬೇಕಾದರೆ ಮಾತ್ರ ಊರಿನೊಳಗೆ ತಿರುಗಾಡಬೇಕು.

ಅದಕ್ಕೆ ತಕ್ಕ ಸ್ಥಳ ಬಸ್ ನಿಲ್ದಾಣ; ತಕ್ಕ ಹೊತ್ತು ಬೆಳಗಿನದು. ಸುತ್ತಲಿನ ಹಳ್ಳಿಗಳಿಂದ ಬರುವ ಬಸ್ಸುಗಳಿಂದ ಪ್ರಯಾಣಿಕರು ಇಳಿದ ಮೇಲೆ ಇನ್ನೂ ಒಂದು ವಸ್ತು ಇಳಿಯುವುದುಂಟು. ಅದು ಬುತ್ತಿ. ಚಾಲಕನ ಪಕ್ಕದಲ್ಲಿ ಸಾಲಾಗಿ ಇಟ್ಟ ಉಕ್ಕಿನ ಡಬ್ಬಿಗಳು, ಬಿಳಿಯ ಅರಿವೆಯಲ್ಲಿ ಬಿಗಿದ ಗಂಟುಗಳು, ನೂಲಿನ ಕೈಚೀಲಗಳು. ಕೆಲವಕ್ಕೆ ಹೆಸರು ಬರೆದಿರುತ್ತದೆ. ಕೆಲವಕ್ಕೆ ಗುರುತಿಗೆಂದು ಕೆಂಪು ದಾರವಷ್ಟೆ. ನಸುಕಿನಲ್ಲಿ ಎದ್ದು ಒಲೆ ಹೊತ್ತಿಸಿದ ತಾಯಿ ರೊಟ್ಟಿ ತಟ್ಟಿ, ಪಲ್ಯ ಮಾಡಿ, ಊರ ಅಗಸಿಯ ಬಳಿ ನಿಂತು ಮೊದಲ ಬಸ್ಸಿಗೆ ಆ ಗಂಟನ್ನು ಒಪ್ಪಿಸಿರುತ್ತಾಳೆ. ಇತ್ತ ಧಾರವಾಡದಲ್ಲಿ ಮಗ ಸೈಕಲ್ಲನ್ನು ಗೋಡೆಗೆ ಆನಿಸಿ ಬಸ್ಸಿನ ದಾರಿ ಕಾಯುತ್ತಾನೆ. ಬಂದೊಡನೆ ತನ್ನದನ್ನು ಎತ್ತಿಕೊಂಡು, ನಿನ್ನೆಯ ಡಬ್ಬಿಯನ್ನು ಬೆಳಗಿ ತೊಳೆದು ಅದೇ ಜಾಗದಲ್ಲಿ ಇಡುತ್ತಾನೆ. ಬಸ್ಸು ಮರಳುವಾಗ ಖಾಲಿ ಡಬ್ಬಿ ಊರಿಗೆ ಹೋಗುತ್ತದೆ. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ, ಸಹಿಯಿಲ್ಲ, ನಂಬಿಕೆಯೊಂದೇ ಆಧಾರ.

ಡಬ್ಬಿಯೊಳಗಿನ ಪದಾರ್ಥಗಳನ್ನು ಹೇಳಿದರೆ ವಾಚಕರ ಬಾಯಲ್ಲಿ ನೀರೂರಿದರೆ ಆಶ್ಚರ್ಯವಿಲ್ಲ. ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಪುಂಡಿಪಲ್ಯ ಅಥವಾ ಝುಣಕ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಗಟ್ಟಿ ಮೊಸರು. ಬಸ್ಸಿನ ಬುತ್ತಿ ತಲುಪದಷ್ಟು ದೂರದೂರಿನ ಹುಡುಗನು ಖಡಕ್ ರೊಟ್ಟಿಯ ಕಟ್ಟನ್ನೇ ತಂದಿಟ್ಟುಕೊಂಡಿರುತ್ತಾನೆ. ಒಣಗಿದ ಆ ರೊಟ್ಟಿ ಅನೇಕ ದಿನ ಕೆಡದು. ಹಿಂಡಿ, ಎಣ್ಣೆ, ಒಂದು ಉಳ್ಳಾಗಡ್ಡಿ ಇದ್ದರೆ ಊಟವಾಯಿತು.

ವಿದ್ಯೆಗೂ ಅನ್ನಕ್ಕೂ ಈ ಊರಿನಲ್ಲಿ ಬಿದ್ದ ಗಂಟು ಇಂದಿನದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಕಾಲೇಜೇ ಇರಲಿಲ್ಲ. ಮುಂದೆ ಓದುವ ಆಸೆಯುಳ್ಳವನು ಪುಣೆಗೆ ಹೋಗಬೇಕಿತ್ತು. ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೇ ಓದಿದವರು. ಪರಭಾಷೆಯ ಊರಿನಲ್ಲಿ ಮನೆ ಹೂಡುವ ಶಕ್ತಿ ಎಷ್ಟು ಜನ ರೈತರ ಮಕ್ಕಳಿಗೆ ಇದ್ದೀತು? ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಅವಿರತ ಪ್ರಯತ್ನದಿಂದ 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡದಲ್ಲಿ ಹುಟ್ಟಿತು. ಅದಕ್ಕೆ ದೊರೆತ ಭವ್ಯವಾದ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. 1908ರಲ್ಲಿ ಆ ಕಂಪನಿ ಮದ್ರಾಸಿನ ಕಂಪನಿಯೊಡನೆ ಒಂದಾಗಿ ಕಚೇರಿ ಅತ್ತ ಸಾಗಿದ ಮೇಲೆ, ರೈಲಿನ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಪಾಠ ನಡೆಯುವ ಕಾಲ ಬಂತು.

ಕಾಲೇಜು ಬಂತು, ಆದರೆ ಊಟ? ಬಡ ಹುಡುಗರಿಗೆ ಆಗ ಇದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಹೀಗೆ ಏಳು ಮನೆ ಗೊತ್ತುಮಾಡಿಕೊಂಡವನ ವಾರ ತುಂಬಿತು. ಐದೇ ಮನೆ ಸಿಕ್ಕವನು ಎರಡು ದಿನ ನೀರು ಕುಡಿದು ಮಲಗಬೇಕು. ಉಣಬಡಿಸುವವರ ಮುಖ ನೋಡಿ ಉಣ್ಣುವ ಆ ಅನ್ನದಲ್ಲಿ ಕರುಣೆಯೂ ಇತ್ತು, ಸಂಕೋಚವೂ ಇತ್ತು. ಅಲ್ಲದೆ ಅದು ಎಲ್ಲರಿಗೂ ತೆರೆದ ಬಾಗಿಲಾಗಿರಲಿಲ್ಲ. ಜಾತಿ ಕೇಳಿ ಎಲೆ ಹಾಕುವ ಕಾಲದಲ್ಲಿ ಅನೇಕ ಹುಡುಗರಿಗೆ ಒಂದು ಮನೆಯೂ ದೊರೆಯುವಂತಿರಲಿಲ್ಲ.

ಈ ಕೊರತೆಯನ್ನು ತುಂಬಲೆಂದೇ ವಿದ್ಯಾರ್ಥಿನಿಲಯಗಳು ಹುಟ್ಟಿದವು. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯವನ್ನು ನಡೆಸಿ ಹಳ್ಳಿಯ ಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟರು. ಒಂದೊಂದು ಸಮಾಜದವರೂ ತಮ್ಮ ಮಕ್ಕಳಿಗಾಗಿ ಚಂದಾ ಎತ್ತಿ ಒಂದೊಂದು ಬೋರ್ಡಿಂಗ್ ಕಟ್ಟಿದರು. 1928ರಲ್ಲಿ ಡಾ. ಅಂಬೇಡ್ಕರರು ದಲಿತ ವರ್ಗಗಳ ಶಿಕ್ಷಣಕ್ಕಾಗಿ ಸಂಸ್ಥೆಯೊಂದನ್ನು ಸ್ಥಾಪಿಸಿದಾಗ, ಆ ವಿದ್ಯಾರ್ಥಿಗಳಿಗಾಗಿ ಮುಂಬಯಿ ಸರ್ಕಾರ ಮಂಜೂರು ಮಾಡಿದ ಐದು ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದ ಪಾಲಿಗೆ ಬಂತು. ಉಳಿದವು ಪನವೇಲ, ಠಾಣೆ, ನಾಸಿಕ ಮತ್ತು ಪುಣೆಗಳಲ್ಲಿ. ಯಾವ ಹುಡುಗನಿಗೆ ಊರಿನಲ್ಲಿ ಒಂದು ಎಲೆಯೂ ಸಿಗುತ್ತಿರಲಿಲ್ಲವೋ ಅವನಿಗೆ ಒಂದು ಇಡೀ ಅಡಿಗೆಮನೆ ಸಿಕ್ಕಿತು. ಈ ಊರಿನ ವಿದ್ಯೆಯ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಜನ್ಮ ತಾಳಿ ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಉಪಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರ ಕಾಲದಲ್ಲಿ, ಛೋಟಾ ಮಹಾಬಳೇಶ್ವರವೆಂದು ಕರೆಯುತ್ತಿದ್ದ ಗುಡ್ಡದ ಮೇಲೆ ಅದರ ವಿಶಾಲವಾದ ಆವರಣ ರೂಪುಗೊಂಡಿತು. ಸಂಜೆಯ ಹೊತ್ತು ಅಲ್ಲಿಯ ಮರಗಳ ಸಾಲಿನಲ್ಲಿ ನಡೆದರೆ, ಪುಸ್ತಕ ಹಿಡಿದವರಿಗಿಂತ ಮಾತು ಹಿಡಿದವರೇ ಹೆಚ್ಚಾಗಿ ಕಾಣುತ್ತಾರೆ. ವಯೋಧರ್ಮ, ಆಕ್ಷೇಪಿಸುವಂತಿಲ್ಲ.

ವಿದ್ಯಾರ್ಥಿನಿಲಯದ ದಿನಚರಿಯನ್ನು ಬಲ್ಲವರಿಗೆ ಅದು ಎಲ್ಲ ಕಡೆಯೂ ಒಂದೇ ಎನಿಸೀತು. ಬೆಳಗ್ಗೆ ನೀರಿನ ಸರದಿ, ಬಕೆಟ್ಟುಗಳ ಸದ್ದು, ಬಿಸಿನೀರಿಗಾಗಿ ಹುಸಿಜಗಳ. ಉಪ್ಪಿಟ್ಟೋ ಅವಲಕ್ಕಿಯೋ ಮುಗಿದೊಡನೆ ಕಾಲೇಜಿನ ಓಟ. ಮಳೆಗಾಲವಾದರೆ ಕೋಣೆಯ ತುಂಬ ಹಗ್ಗ, ಹಗ್ಗದ ತುಂಬ ಒಣಗದ ಬಟ್ಟೆ. ರಾತ್ರಿ ಪರೀಕ್ಷೆಯ ಓದು, ನಡುರಾತ್ರಿಗೆ ಚಹದ ಹಂಬಲ. ಆದರೆ ಪಂಕ್ತಿಯಲ್ಲಿ ಕುಳಿತಾಗ ಧಾರವಾಡದ ವೈಶಿಷ್ಟ್ಯ ತಿಳಿಯುತ್ತದೆ. ಕಾರವಾರದ ಹುಡುಗನಿಗೆ ಅನ್ನವಿಲ್ಲದೆ ಊಟವಿಲ್ಲ. ಗದುಗಿನವನಿಗೆ ರೊಟ್ಟಿಯಿಲ್ಲದೆ ಊಟವಿಲ್ಲ. ಮೊದಲ ತಿಂಗಳು ಒಬ್ಬರ ಮಾತನ್ನು ಒಬ್ಬರು ಅಣಕಿಸುತ್ತಾರೆ. ಎರಡನೆಯ ತಿಂಗಳು ಅವರ ಪದವನ್ನು ಇವರು, ಇವರ ಪದವನ್ನು ಅವರು ಕದಿಯುತ್ತಾರೆ. ವರ್ಷದ ಕೊನೆಗೆ ಶಿರಸಿಯವನು ರೊಟ್ಟಿ ಮುರಿಯುವುದನ್ನೂ ನರಗುಂದದವನು ತಂಬುಳಿ ಸುರಿಯುವುದನ್ನೂ ಕಲಿತಿರುತ್ತಾರೆ. ಜಾತಿಗೊಂದು ಬೋರ್ಡಿಂಗ್ ಇದ್ದ ಊರಿನಲ್ಲಿ ಹೀಗೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತುಣ್ಣುವುದು ಸಾಮಾನ್ಯ ಸಂಗತಿಯಾದದ್ದು ಯಾವ ಪಾಠಕ್ಕೂ ಕಡಮೆಯಾದುದಲ್ಲ.

ಲೆಕ್ಕದ ಪಾಠವೂ ಇಲ್ಲಿಯೇ ಆಗುತ್ತದೆ. ಅನೇಕ ನಿಲಯಗಳಲ್ಲಿ 'ಡಿವೈಡಿಂಗ್' ಪದ್ಧತಿ ಉಂಟು. ತಿಂಗಳಿನಲ್ಲಿ ದಿನಸಿ, ತರಕಾರಿ, ಹಾಲು, ಉರುವಲಿಗೆ ಆದ ಒಟ್ಟು ಖರ್ಚನ್ನು ಉಂಡವರ ಊಟಗಳ ಸಂಖ್ಯೆಯಿಂದ ಭಾಗಿಸಿ ತಲೆಗಿಷ್ಟು ಎಂದು ಗೊತ್ತುಮಾಡುತ್ತಾರೆ. ವಿದ್ಯಾರ್ಥಿಗಳಲ್ಲಿಯೇ ಒಬ್ಬ ಕಾರ್ಯದರ್ಶಿ. ಸಂತೆಗೆ ಹೋಗಿ ಚೌಕಾಸಿ ಮಾಡುವವನೂ ಅವನೇ, ಸಾರು ನೀರಾಯಿತೆಂಬ ಬೈಗುಳ ತಿನ್ನುವವನೂ ಅವನೇ. ಹಬ್ಬಕ್ಕೆ ಹೋಳಿಗೆ ಬೇಕೆಂದು ಕೂಗಿದವರೇ ತಿಂಗಳ ಕೊನೆಗೆ ಬಿಲ್ಲು ಏರಿತೆಂದು ಕೂಗುತ್ತಾರೆ.

ಈ ಬಿಲ್ಲಿನ ಮುಂದೆ ನಗು ನಿಂತುಹೋಗುವ ಮಕ್ಕಳೂ ಇದ್ದಾರೆ. ನವಲಗುಂದ, ನರಗುಂದ, ರೋಣದ ಎರೆಭೂಮಿ ಬಹುಮಟ್ಟಿಗೆ ಮಳೆಯನ್ನು ನಂಬಿದ ನೆಲ. ಹಿಂಗಾರಿ ಕೈಕೊಟ್ಟ ವರ್ಷ ಅದರ ಮೊದಲ ಸುದ್ದಿ ಧಾರವಾಡದ ಮೆಸ್ಸಿನ ಬಾಕಿ ಪುಸ್ತಕದಲ್ಲಿ ಕಾಣುತ್ತದೆ. ಸರ್ಕಾರದ ವಿದ್ಯಾರ್ಥಿನಿಲಯಗಳಿವೆ ನಿಜ. ಆದರೆ ಅಲ್ಲಿ ಸ್ಥಾನಕ್ಕಾಗಿ ಅರ್ಜಿ ಹಾಕಿದವರಿಗೆಲ್ಲ ಸ್ಥಾನ ದೊರೆಯುವುದಿಲ್ಲ. ಸ್ಥಾನ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗಾಗಿ 2013-14ರಲ್ಲಿ ಆರಂಭವಾದ 'ವಿದ್ಯಾಸಿರಿ' ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವು ಗೊತ್ತಾಯಿತು. ಅಂಥವರು ಮೂವರೋ ನಾಲ್ವರೋ ಕೂಡಿ ಬಾಡಿಗೆಯ ಕೋಣೆ ಹಿಡಿಯುತ್ತಾರೆ. ಸಪ್ತಾಪುರದ ಓಣಿಗಳಲ್ಲಿ ಈಗ ಕಾಲೇಜಿನವರ ಜೊತೆಗೆ ಸರ್ಕಾರಿ ನೌಕರಿಯ ಸ್ಪರ್ಧಾಪರೀಕ್ಷೆಗೆ ಓದುವವರೂ ನೆರೆದಿದ್ದಾರೆ. ಪದವಿ ಮುಗಿದರೂ ಊರಿಗೆ ಮರಳಲಾರದೆ, ಈ ಸಲವಾದರೂ ಕೆಲಸವಾದೀತೆಂದು ವರ್ಷಗಳನ್ನು ಎಣಿಸುವ ತರುಣರು ಅವರು.

ಅಂಥದೊಂದು ಕೋಣೆಯಲ್ಲಿ ಬುತ್ತಿಯ ಗಂಟು ಬಿಚ್ಚುತ್ತಿದ್ದ ಹುಡುಗನನ್ನು, "ಇಷ್ಟು ರೊಟ್ಟಿ ಒಬ್ಬನಿಗೆಯೆ?" ಎಂದು ಕೇಳಿದೆ. ಅವನು ನಕ್ಕು ಹೇಳಿದ: "ಒಬ್ಬಾಂವ ಎಂಟು ರೊಟ್ಟಿ ತಿಂತಾನೇನ್ರೀ? ರೂಮಿನ್ಯಾಗ ನಾವು ಮೂರು ಮಂದಿ ಅದೀವಿ. ಇವರಿಬ್ಬರ ಊರು ದೂರ, ಬುತ್ತಿ ಬರೂದಿಲ್ಲ. ನಾ ಅವ್ವಗ ಏನೂ ಹೇಳಿಲ್ರೀ. ಆಕೀನ ತಿಳಕೊಂಡು ಕಟ್ಟಾಕತ್ಯಾಳ."

ಆ ತಾಯಿ ಧಾರವಾಡದ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಮಗನ ಗೆಳೆಯರ ಮುಖವನ್ನೂ ನೋಡಿರಲಿಕ್ಕಿಲ್ಲ. ಅವರು ಯಾರ ಮಕ್ಕಳು, ಯಾವ ಜಾತಿಯವರು ಎಂದು ವಿಚಾರಿಸಿದವಳೂ ಅಲ್ಲ. ತನ್ನ ಹೊಲಕ್ಕೂ ಮಳೆ ಬೇಕೆಂಬುದನ್ನು ಬಲ್ಲವಳಾಗಿಯೂ ಹಿಟ್ಟಿನ ಡಬ್ಬಿಗೆ ಇನ್ನೊಂದು ಸೇರು ಕೈಹಾಕುತ್ತಾಳೆ. ಊರೊಳಗಿನ ಖಾನಾವಳಿಯೊಂದರ ಮುದುಕಿಯ ಬಾಯಲ್ಲಿಯೂ ಇದೇ ಮನಸ್ಸಿನ ಮಾತು ಕೇಳಿದೆ. ಬಾಕಿ ಉಳಿಸಿಕೊಂಡು ಬಾಗಿಲಲ್ಲಿಯೇ ಹಿಂಜರಿದು ನಿಂತ ಹುಡುಗನಿಗೆ ಆಕೆ, "ಬಾಕಿ ಇದ್ರ ಇರ್ಲಿ ತಮ್ಮಾ, ಬಾ, ಕುಂದ್ರು. ಹಸದು ಓದಬ್ಯಾಡ" ಎಂದಳು.

ವಾರಾನ್ನದ ಕಾಲದ ಸಂಕೋಚ ಈ ರೊಟ್ಟಿಯಲ್ಲಿಲ್ಲ. ಇದು ಸರಿಸಮಾನರು ಹಂಚಿಕೊಂಡು ತಿನ್ನುವ ಊಟ. ಆದರೂ ಯಾರದೋ ತಾಯಿಯ ಔದಾರ್ಯದ ಮೇಲೆ ಒಬ್ಬ ತರುಣನ ಓದು ನಿಂತಿರಬೇಕಾದುದು ನಾಡಿಗೆ ಭೂಷಣವಲ್ಲ. ನಾಳೆ ಆಕೆಗೆ ಕಾಯಿಲೆಯಾದರೆ ಮೂವರ ಊಟವೂ ನಿಂತಂತೆ. ವಿದ್ಯಾರ್ಥಿನಿಲಯದ ಒಂದು ಸ್ಥಾನವೆಂದರೆ ಒಂದು ಮಂಚ, ಒಂದು ಮೇಜು, ಎರಡು ಹೊತ್ತಿನ ಊಟ, ಇಷ್ಟೇ. ಇಷ್ಟಕ್ಕಾಗಿ ಹಳ್ಳಿಯ ಹುಡುಗಿಯೊಬ್ಬಳ ಓದು ಹತ್ತನೆಯದಕ್ಕೋ ಹನ್ನೆರಡನೆಯದಕ್ಕೋ ಮುಗಿದುಹೋಗುವುದುಂಟು. ಹುಡುಗನಾದರೆ ಬಾಡಿಗೆಯ ಕೋಣೆಗೆ ಕಳಿಸುವ ತಂದೆ, ಮಗಳಿಗೆ ಹಾಸ್ಟೆಲಿನ ಸ್ಥಾನ ಸಿಗದಿದ್ದರೆ ಮನೆಯಲ್ಲಿಯೇ ಇರು ಎನ್ನುತ್ತಾನೆ. ಆದುದರಿಂದ ಹೊಸ ಕಾಲೇಜಿಗೆ ಅಡಿಗಲ್ಲು ಇಡುವವರು ಅದರ ಪಕ್ಕದಲ್ಲಿಯೇ ಒಂದು ಅಡಿಗೆಮನೆಗೂ ಜಾಗ ಅಳೆದರೆ ಒಳ್ಳೆಯದು.

ಧಾರವಾಡಕ್ಕೆ ಹೋಗುವ ವಾಚಕರು ಪೇಢೆಯನ್ನು ಅವಶ್ಯವಾಗಿ ತರಲಿ, ಸಾಧನಕೇರಿಯನ್ನು ಅವಶ್ಯವಾಗಿ ನೋಡಲಿ. ಅದರೊಡನೆ ಯಾವುದಾದರೂ ಖಾನಾವಳಿಯಲ್ಲಿ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತು ಒಂದು ಹೊತ್ತು ಉಣ್ಣಲಿ. ಆ ಊರನ್ನು ವಿದ್ಯಾಕಾಶಿಯೆಂದು ಕರೆಯುವುದರಲ್ಲಿ ಗುರುಗಳ ಪಾಲೆಷ್ಟು, ರೊಟ್ಟಿ ತಟ್ಟಿದವರ ಪಾಲೆಷ್ಟು ಎಂಬ ಲೆಕ್ಕ ಅಲ್ಲಿ ತಾನಾಗಿಯೇ ತಿಳಿಯುತ್ತದೆ.