ಗಾಳಿ ಮೇಲೆ ಕೂತ ಕಾರು

ಶಿರಾಳಕೊಪ್ಪದಲ್ಲಿ ಸಂತೆ ದಿನ ರಸ್ತೆ ಬದಿ ಹತ್ತು ನಿಮಿಷ ನಿಂತು ನೋಡಿ. ಮೆಕ್ಕೆಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರು, ಜನ ತುಂಬಿಕೊಂಡ ಆಟೋ, ಹಾರ್ನ್ ಮೇಲಿಂದ ಕೈಯೇ ತೆಗೆಯದ ಬಸ್ಸು, ಇವುಗಳ ನಡುವೆ ಉದ್ದ ಮೂತಿಯ ಕಪ್ಪು ಜರ್ಮನ್ ಕಾರೊಂದು ನುಸುಳಿಕೊಂಡು ಹೋಗುತ್ತೆ. ನಂಬರ್ ನೋಡಿದರೆ ಡಿಎಲ್, ಇಲ್ಲಾ ಎಚ್‌ಆರ್. ಶುಂಠಿಗೆ ರೇಟು ಬಂದ ವರ್ಷ, ಅಡಿಕೆ ಕೈಹಿಡಿದ ವರ್ಷ ಸೊರಬ, ಶಿಕಾರಿಪುರದ ಕಡೆ ಇಂಥವು ಕಣ್ಣಿಗೆ ಬೀಳ್ತವೆ. ಶೋಕಿ ಅಂತ ನಗುವವರೇ ಜಾಸ್ತಿ. ನಾನು ನಗಲ್ಲ. ನಮ್ಮನೆಗೂ ಒಂದು ಬಂದಿದೆ, ಬಂದಿದ್ದು ಶೋಕಿಗಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಬೆನ್ನುಮೂಳೆಯ ಆಪರೇಷನ್ ಆಯ್ತು. ಅವತ್ತಿಂದ ವಾರಕ್ಕೊಮ್ಮೆ ಸೊರಬದ ಹತ್ತಿರದ ನಮ್ಮ ಹಳ್ಳಿಯಿಂದ ಶಿಕಾರಿಪುರಕ್ಕೆ ಫಿಸಿಯೋಥೆರಪಿಗೆ ಹೋಗಿ ಬರಬೇಕು. ಮನೆಯಲ್ಲಿದ್ದ ಸಣ್ಣ ಕಾರು ಗಟ್ಟಿಮುಟ್ಟೇ, ಆದರೆ ಒಂದೊಂದು ಹಂಪ್ ಬಂದಾಗಲೂ ಅಪ್ಪ ಎರಡೂ ಕೈಯಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದು ಸೊಂಟ ಎತ್ತಿ ಕೂರ್ತಿದ್ದರು. "ಆ ಡಾಕ್ಟ್ರು ಒಂದು ತಾಸು ತಿಕ್ಕಿ ಕೊಟ್ಟಿದ್ದನ್ನ ಈ ಹಂಪುಗಳು ವಾಪಸ್ ಇಸ್ಕೊಳ್ತಾವೆ" ಅನ್ನೋದು ಅವರ ಮಾತು. ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಬೆನ್ನು ದುಂಡಗಿರಬೇಕು ಅಂತ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ. ನಮ್ಮ ದಾರಿಯಲ್ಲಿರೋದು ಮೊಳ ಅಗಲದ ದಿಂಡುಗಳು. ರಾತ್ರೋರಾತ್ರಿ ಹುಟ್ಟುತ್ತವೆ, ಬಣ್ಣ ಬಳಿಯುವವರು ಯಾರೂ ಇಲ್ಲ.

ಕುಲುಕಾಟದಲ್ಲೂ ಜಾತಿ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಕೂತ ಮನುಷ್ಯನ ಮೈಗೆ ಹೆಚ್ಚು ಬಾಧೆ ಕೊಡೋದು ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ನಡುಕ. ಅದು ನೇರ ಬೆನ್ನಿಗೆ, ಹೊಟ್ಟೆಗೆ ಹೋಗುತ್ತೆ. ಒಳ್ಳೆ ಸಸ್ಪೆನ್ಷನ್ ಮಾಡುವ ಕೆಲಸ ಏನಪ್ಪಾ ಅಂದರೆ, ಆ ನಡುಕವನ್ನ ಚಕ್ರದ ಹತ್ತಿರವೇ ನುಂಗಿ, ಕಾರಿನ ಮೈಯನ್ನ ಸೆಕೆಂಡಿಗೆ ಒಂದೋ ಒಂದೂವರೆಯೋ ಸಲ ನಿಧಾನಕ್ಕೆ ತೂಗಿಸೋದು. ತೊಟ್ಟಿಲ ಲಯ ಅನ್ನಿ. ದುಬಾರಿ ಕಾರುಗಳಲ್ಲಿ ಇದಕ್ಕೆ ಉಕ್ಕಿನ ಸ್ಪ್ರಿಂಗ್ ಬದಲು ರಬ್ಬರ್ ಚೀಲದಲ್ಲಿ ಗಾಳಿ ತುಂಬಿ ಇಡ್ತಾರೆ. ಯೋಚನೆ ಹಳೇದೇ. ಫ್ರಾನ್ಸಿನ ಸಿಟ್ರೋಯೆನ್ ಡಿಎಸ್ ಕಾರು 1955ರಲ್ಲೇ ಎಣ್ಣೆ ಮತ್ತು ಅನಿಲದ ಮೇಲೆ ತೇಲುವ ಸಸ್ಪೆನ್ಷನ್ ತಂದಿತ್ತು. 1962ರಲ್ಲಿ ಅಲ್ಲಿನ ಅಧ್ಯಕ್ಷ ಡಿ ಗಾಲ್ ಮೇಲೆ ಗುಂಡಿನ ದಾಳಿ ಆದಾಗ ಟೈರ್ ಒಡೆದರೂ ಅವರನ್ನ ಹೊತ್ತುಕೊಂಡು ಪಾರಾಗಿ ಹೋಗಿದ್ದು ಅದೇ ಡಿಎಸ್.

ಅಣ್ಣನಿಗೆ ಡಿ ಗಾಲ್ ಗೊತ್ತಿಲ್ಲ, ಅಪ್ಪನ ಸೊಂಟ ಗೊತ್ತು. ಹುಬ್ಬಳ್ಳಿಯಲ್ಲಿ ಸ್ನೇಹಿತನ ಮದುವೆಗೆ ಹೋದಾಗ ಇಂಥದ್ದೊಂದು ಕಾರಿನ ಹಿಂದಿನ ಸೀಟಲ್ಲಿ ಕೂತು ಬಂದವನೇ ತೀರ್ಮಾನ ಮಾಡಿಬಿಟ್ಟ. ಹೊಸದಕ್ಕೆ ಅರವತ್ತು ಲಕ್ಷದ ಮೇಲೆ. ಒಂಬತ್ತು ವರ್ಷದ್ದು ದಿಲ್ಲಿಯಿಂದ ಬಂದಿದ್ದು ಹನ್ನೊಂದು ಲಕ್ಷಕ್ಕೆ. ಇಷ್ಟು ಅಗ್ಗಕ್ಕೆ ಕಾರಣ ಇದೆ. ದಿಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡಿಯಿತು. ಆಮೇಲೆ ನಿಯಮ ಅತ್ತಿತ್ತ ಆಗಿದ್ದರೂ, ಎಂಟು ಒಂಬತ್ತು ವರ್ಷ ಆದ ಡೀಸೆಲ್ ಕಾರುಗಳು ಅಲ್ಲಿಂದ ದಕ್ಷಿಣಕ್ಕೆ ಹರಿಯೋದು ನಿಂತಿಲ್ಲ. ಮಾರಿದವನು "ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ, ಬರೀ 48 ಸಾವಿರ ಕಿಲೋಮೀಟರ್" ಅಂದನಂತೆ. ಮಾರಾಟಕ್ಕಿರುವ ಹಳೇ ಕಾರುಗಳೆಲ್ಲ ಡಾಕ್ಟರದ್ದೇ ಯಾಕಿರ್ತವೆ ಅನ್ನೋದು ನನಗಿನ್ನೂ ಬಿಡಿಸಲಾಗದ ಒಗಟು.

ಸುಳ್ಳು ಹೇಳಬಾರದು, ಮೊದಲ ಮೂರು ತಿಂಗಳು ಅದ್ಭುತ. ಅಪ್ಪ ಶಿರಾಳಕೊಪ್ಪ ದಾಟುವಷ್ಟರಲ್ಲಿ ನಿದ್ದೆ ಹೋಗ್ತಿದ್ದರು. ಆಪರೇಷನ್ ಆದ ಮೇಲೆ ಅವರು ಗಾಡಿಯಲ್ಲಿ ನಿದ್ದೆ ಮಾಡಿದ್ದೇ ಅದು ಮೊದಲು. ಅಮ್ಮ ಹಿಂತಿರುಗಿ ನೋಡಿ ನೋಡಿ ನಗೋಳು.

ಮಳೆಗಾಲದ ಹೊತ್ತಿಗೆ ನಾನು ಬೆಂಗಳೂರಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದಿದ್ದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಕಾರಿನ ಎಡಗಡೆ ಮುಂಭಾಗ ಮಂಡಿಯೂರಿದ ಎತ್ತಿನ ಥರ ಕುಸಿದು ಕೂತಿದೆ. ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಬುಸ್ ಅಂತ ಎದ್ದು ಸರಿಯಾಯ್ತು. "ಎದ್ದೈತಲ್ಲ, ಏನಾಗಲ್ಲ ಬಿಡು ಪುಟ್ಟಿ" ಅಂದ ಅಣ್ಣ. ನಾನು ಬಿಡಲಿಲ್ಲ. ಅವತ್ತೇ ಶಿಕಾರಿಪುರದಲ್ಲಿ ಒಬ್ಬ ಹಿರೀ ಮೇಸ್ತ್ರಿ ಹತ್ತಿರ ತೋರಿಸಿದ್ವಿ. ನಲವತ್ತು ವರ್ಷ ಲಾರಿ ಕೆಳಗೆ ಮಲಗಿ ಎದ್ದವರು, ಕಂಪ್ಯೂಟರ್ ಸ್ಕ್ಯಾನರನ್ನ ಮಗನ ಕೈಗೆ ಕೊಟ್ಟು ತಾವು ಬೆರಳಲ್ಲಿ ಪರೀಕ್ಷೆ ಮಾಡೋರು. ಚಕ್ರದ ಮೇಲ್ತುದಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ತೋರಿಸಿದರು. "ರಾತ್ರಿ ನಿಲ್ಸುವಾಗ ಎಷ್ಟು ಬೆರಳು ಹೋಗ್ತಾವೆ ನೋಡಮ್ಮ, ಬೆಳಿಗ್ಗೆ ಎಷ್ಟು ಹೋಗ್ತಾವೆ ನೋಡು. ನಾಲ್ಕಿದ್ದದ್ದು ಎರಡಾದ್ರೆ ಗಾಳಿ ಸೋರ್ತಾ ಐತೆ." ಆಮೇಲೆ ಸೋಪಿನ ನೀರು ಚಿಮುಕಿಸಿದರು. ರಬ್ಬರ್ ಮಡಚುವ ಜಾಗದಲ್ಲಿ ಗುಳ್ಳೆ ಎದ್ದವು.

48 ಸಾವಿರ ಕಿಲೋಮೀಟರಿಗೆ ರಬ್ಬರ್ ಯಾಕೆ ಹೋಗುತ್ತೆ ಅಂತ ಕೇಳಿದೆ. "ರಬ್ಬರಿಗೆ ಕಿಲೋಮೀಟರ್ ಓದಕ್ಕೆ ಬರಲ್ಲ, ವಯಸ್ಸು ಮಾತ್ರ ಗೊತ್ತು" ಅಂದರು.

ಹಳೇ ಐಷಾರಾಮಿ ಕಾರಿನ ಕಥೆಯೆಲ್ಲ ಈ ಮಾತಲ್ಲಿದೆ ಅನ್ನಿಸುತ್ತೆ ನನಗೆ. ಇಂಜಿನ್, ಗೇರ್‌ಬಾಕ್ಸ್ ಉಕ್ಕಿನವು. ಎಣ್ಣೆ ಸರಿಯಾಗಿ ಬದಲಾಯಿಸುತ್ತಾ ಬಂದರೆ ಬಾಳಿಕೆ ಬರ್ತವೆ. ಸುಖ ಕೊಡೋ ಭಾಗಗಳೆಲ್ಲ ರಬ್ಬರು, ಗಾಳಿ, ಎಣ್ಣೆ. ಚಕ್ರ ಹಿಡಿದಿರುವ ಆರ್ಮ್‌ಗಳ ಬುಷ್, ಇಂಜಿನ್ ಕೂರುವ ಮೌಂಟಿಂಗ್, ಸಸ್ಪೆನ್ಷನ್ನಿನ ಗಾಳಿಚೀಲ, ಬಾಗಿಲ ಬೀಡಿಂಗ್. ಬಿಸಿಲಲ್ಲಿ ನಿಂತರೆ ನಿಂತಲ್ಲೇ ಒಣಗಿ ಬಿರುಕು ಬಿಡ್ತವೆ. ಅಂದರೆ ನಾವು ಯಾವ ಆಸೆಗೆ ದುಡ್ಡು ಕೊಡ್ತೀವೋ ಅದೇ ಮೊದಲು ಸವೆಯೋದು. ಜೊತೆಗೆ ಕಾರಿನ ಬೆಲೆ ಅರವತ್ತರಿಂದ ಹನ್ನೊಂದಕ್ಕೆ ಇಳಿದರೂ ಬಿಡಿಭಾಗದ ಬೆಲೆ ಇಳಿಯಲ್ಲ, ಅದು ಅರವತ್ತು ಲಕ್ಷದ ಕಾರಿನ ಬಿಡಿಭಾಗವಾಗೇ ಉಳಿಯುತ್ತೆ. ಮುಂದಿನ ಒಂದು ಗಾಳಿಚೀಲಕ್ಕೆ ಶೋರೂಮಿನವರು ಹೇಳಿದ್ದು ಒಂದೂಕಾಲು ಲಕ್ಷ. ಅಣ್ಣ ಫೋನ್ ಇಟ್ಟು ಸುಮ್ಮನೆ ತೋಟಕ್ಕೆ ಹೋದ.

"ಅಡಿಕೆ ಕೊಯ್ಲಾಗಲಿ" ಅಂತ ತಳ್ಳಿದ. ಇಲ್ಲಿಂದ ನನಗೂ ಅವನಿಗೂ ಜಗಳ ಶುರುವಾಯ್ತು. ಅವನ ವಾದ, ಸೋರಿದರೆ ಸೋರಲಿ, ಬೆಳಿಗ್ಗೆ ಎದ್ದು ನಿಲ್ಲುತ್ತಲ್ಲ, ಸುಖಕ್ಕೆ ಸಂಬಂಧಪಟ್ಟದ್ದು ನಿಧಾನಕ್ಕೆ ಮಾಡಿಸಬಹುದು, ಬ್ರೇಕು ಸ್ಟೀರಿಂಗು ಸರಿ ಇದ್ದರೆ ಸಾಕು.

ಜುಲೈ ಕೊನೆಯ ವಾರ. ಶಿಕಾರಿಪುರದಿಂದ ವಾಪಸ್ ಬರ್ತಿದ್ವಿ, ಓಡಿಸ್ತಿದ್ದದ್ದು ನಾನು. ಸಂಜೆ ಐದಕ್ಕೇ ಕತ್ತಲೆ, ಜಡಿಮಳೆ. ಹೆಡ್‌ಲೈಟು, ವೈಪರು, ಏಸಿ, ಗಾಜಿನ ಮಂಜು ಒರೆಸೋ ಹೀಟರು ಎಲ್ಲಾ ಆನ್. ಶಿರಾಳಕೊಪ್ಪದ ಇಕ್ಕಟ್ಟಲ್ಲಿ ಆಮೆ ವೇಗದಲ್ಲಿ ಬಲಕ್ಕೆ ತಿರುಗಿಸ್ತಾ ಇದ್ದೀನಿ, ಅರ್ಧ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಾಯ್ತು. ಮೀಟರಿನಲ್ಲಿ ಕೆಂಪು ಸ್ಟೀರಿಂಗ್ ಗುರುತು. ಎದುರಿಗೆ ಛತ್ರಿ ಹಿಡಿದ ಶಾಲೆ ಮಕ್ಕಳು ಮೂವರು, ಹಿಂದೆ ಬಸ್ಸು, ನಮ್ಮ ಹಿಂದಿನ ಸೀಟಲ್ಲಿ ಅಪ್ಪ. ಗಾಡಿ ನಿಧಾನ ಇತ್ತು, ಬ್ರೇಕ್ ಒತ್ತಿದೆ, ನಿಂತಿತು. ಮಕ್ಕಳು ನಮ್ಮನ್ನ ನೋಡಲೂ ಇಲ್ಲ, ಬಾನೆಟ್ಟಿನಿಂದ ಎರಡು ಅಡಿ ದೂರದಲ್ಲಿ ಹಾದುಹೋದರು. ಆಮೇಲೆ ಎರಡೂ ಕೈಯ ಬಲ ಹಾಕಿ ಎಳೆದೆಳೆದು ಕಾರನ್ನ ಬದಿಗೆ ಹಾಕಿದೆ.

ಈ ಕಾಲದ ಹೆಚ್ಚಿನ ಕಾರುಗಳಲ್ಲಿ ಸ್ಟೀರಿಂಗ್ ಹಗುರ ಮಾಡೋದು ಎಲೆಕ್ಟ್ರಿಕ್ ಮೋಟಾರು. ಅದು ಕೈಕೊಟ್ಟರೂ ಸ್ಟೀರಿಂಗಿಗೂ ಚಕ್ರಕ್ಕೂ ಇರೋ ಸಂಪರ್ಕ ತಪ್ಪಲ್ಲ, ಬಲ ಹಾಕಿದರೆ ತಿರುಗುತ್ತೆ. ಇದು ಗೊತ್ತಿಲ್ಲದೆ ಸ್ಟೀರಿಂಗ್ ಲಾಕ್ ಆಯ್ತು ಅಂತ ಕೈಬಿಟ್ಟು ಕೂಗಿಕೊಳ್ಳುವವರಿದ್ದಾರೆ. ಕೈ ಬಿಡಬೇಡಿ.

ಮರುದಿನ ಮೇಸ್ತ್ರಿ ಮಗ ಸ್ಕ್ಯಾನರ್ ಹಾಕಿದ. ಸ್ಟೀರಿಂಗ್ ಮೋಟಾರ್ ಸತ್ತಿದೆ, ಪೂರಾ ರ‍್ಯಾಕ್ ಬದಲಾಯಿಸಬೇಕು ಅಂತ ನಾವು ಎದೆ ಹಿಡಿದುಕೊಂಡಿದ್ವಿ. ಹಿರಿಯರು ಮೊದಲು ಮೀಟರ್ ತಂದು ಬ್ಯಾಟರಿಗೆ ಹಿಡಿದರು. ಇಂಜಿನ್ ಓಡ್ತಿದ್ದಾಗ 14 ವೋಲ್ಟಿನ ಹತ್ತಿರ ಇರಬೇಕಾದದ್ದು, ಲೈಟು ಏಸಿ ಎಲ್ಲಾ ಹಾಕಿದಾಗ 12ಕ್ಕೂ ಕೆಳಗೆ ಬಿತ್ತು. "ನಿಮ್ಮ ಸ್ಟೀರಿಂಗಿಗೆ ರೋಗ ಇಲ್ಲ. ರೋಗ ಇರೋದು ಅಲ್ಲಿ" ಅಂತ ಅದೇ ಎಡಗಡೆ ಚಕ್ರ ತೋರಿಸಿದರು.

ಆದದ್ದು ಇಷ್ಟು. ಚೀಲ ಸೋರಿದಂತೆಲ್ಲ ಅದನ್ನ ಮತ್ತೆ ತುಂಬಲು ಗಾಳಿ ಕಂಪ್ರೆಸರ್ ಪದೇ ಪದೇ ಓಡ್ತಾ ಇತ್ತು. ಅದು ಕರೆಂಟ್ ಹೀರಿ ಹೀರಿ, ಮೊದಲೇ ಮುದಿಯಾಗಿದ್ದ ಬ್ಯಾಟರಿಯನ್ನ ಹೈರಾಣ ಮಾಡಿತ್ತು. ಸ್ಟೀರಿಂಗ್ ಮೋಟಾರು ಅತಿ ಹೆಚ್ಚು ಕರೆಂಟ್ ಕೇಳೋದು ಹೈವೇಲಿ ಅಲ್ಲ, ನಿಧಾನಕ್ಕೆ ಪೂರ್ತಿ ತಿರುಗಿಸುವಾಗ. ಕೊಡಲು ಕರೆಂಟ್ ಇಲ್ಲದಾಗ ಕಾರಿನ ಕಂಪ್ಯೂಟರ್ ಮೋಟಾರನ್ನ ಬಂದ್ ಮಾಡಿತು. ಸುಖ ಬೇರೆ, ಸ್ಟೀರಿಂಗ್ ಬೇರೆ ಅಂತ ಅಣ್ಣ ಇಟ್ಟುಕೊಂಡಿದ್ದ ಎರಡು ಖಾತೆ ಒಂದೇ ಅಂತ ಆಯ್ತು.

ಇನ್ನೊಂದು ಕೊಂಡಿಯೂ ಇದೆ. ಸೋರುತ್ತಿರುವ ಕಾರು ಒಂದು ಮೂಲೆಗೆ ತಗ್ಗಿದಾಗ ಚಕ್ರಗಳ ಕೋನವೇ ಬದಲಾಗುತ್ತೆ. ಆಗ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ಎತ್ತರ ಸರಿಯಾದ ದಿನ ಮತ್ತೆ ಒಂದು ಕಡೆ ಎಳೆಯುತ್ತೆ. ನಮ್ಮ ಕಾರಿನ ಒಳಗಡೆ ಟೈರ್ ಅಂಚು ಬೋಳಾಗಿದ್ದು ಹೀಗೇ. ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಬೇಕು.

ಆಫೀಸಿನಲ್ಲಿ ಈ ಕಥೆ ಹೇಳಿದಾಗಿಂದ, ಇಂಥ ಕಾರು ನೋಡಲು ಹೋಗುವವರೆಲ್ಲ ನನ್ನನ್ನೂ ಎಳೆದುಕೊಂಡು ಹೋಗ್ತಾರೆ. ಮೇಸ್ತ್ರಿ ಕಲಿಸಿದ್ದನ್ನೇ ಮಾಡ್ತೀನಿ. ಸಾಧ್ಯವಾದರೆ ಬೆಳಿಗ್ಗೆ ಬೇಗ, ಮಾರುವವರು ಸ್ಟಾರ್ಟ್ ಮಾಡುವ ಮೊದಲೇ ಹೋಗ್ತೀನಿ, ನಾಲ್ಕೂ ಮೂಲೆಗೆ ಬೆರಳಿಟ್ಟು ನೋಡ್ತೀನಿ. ಮೊದಲೇ ಸ್ಟಾರ್ಟ್ ಮಾಡಿ ಬೆಚ್ಚಗೆ ಇಟ್ಟಿದ್ದರೆ ನನಗೆ ಅಲ್ಲೇ ಅನುಮಾನ. ಓಡಿಸುವಾಗ ಮ್ಯೂಸಿಕ್ ಬಂದ್. ಸಣ್ಣ ಗುಂಡಿಯಲ್ಲಿ ಟಕ್ ಟಕ್ ಅಂದರೆ ಬಾಲ್ ಜಾಯಿಂಟೋ ಬುಷ್ಷೋ ಹೋಗಿದೆ. 80, 90ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸ್ ಇಲ್ಲ, ಇಲ್ಲಾ ಅಲಾಯ್ ಬಾಗಿದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಬೇಕು. ಎಡಕ್ಕೆ ಸ್ವಲ್ಪ ವಾಲಿದರೆ ಗಾಬರಿ ಬೇಡ, ನಮ್ಮ ರಸ್ತೆಗಳೇ ನೀರು ಹರಿಯಲಿ ಅಂತ ಅಂಚಿಗೆ ಇಳಿಜಾರು. ಜೋರಾಗಿ ಎಳೆದರೆ, ಟೈರಿನ ಮೇಲೆ ದಿಕ್ಕಿನ ಬಾಣದ ಗುರುತು ಇಲ್ಲದಿದ್ದರೆ, ಮುಂದಿನ ಎರಡು ಟೈರ್ ಅದಲು ಬದಲು ಮಾಡಿ ನೋಡಿ: ಎಳೆತ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿಂದು. ನೇರ ರಸ್ತೆಯಲ್ಲಿ ಸ್ಟೀರಿಂಗ್ ಮಾತ್ರ ಓರೆ ನಿಂತಿದ್ದರೆ, ಆ ಕಾರಿಗೆ ಅಪಘಾತ ಆಗಿತ್ತಾ ಅಂತ ನಾನು ಮೊದಲು ಕೇಳ್ತೀನಿ. ಉತ್ತರಕ್ಕಿಂತ ಮುಖ ಹೆಚ್ಚು ಹೇಳುತ್ತೆ.

ಇಷ್ಟೆಲ್ಲ ನೋಡಿಯೂ ತಗೋಬೇಕಾ? ಕೇಳಿದವರಿಗೆ ನಾನು ಹೇಳೋದು, ಕಾರಿನ ಬೆಲೆಯ ಕಾಲು ಭಾಗ ಬ್ಯಾಂಕಿನಲ್ಲಿ ಬೇರೆ ಇಟ್ಟುಕೊಂಡಿದ್ದರೆ ತಗೊಳ್ಳಿ. ಇಎಂಐ ಎಳೆದಾಡಿ ತಗೊಳ್ಳೋದಾದರೆ ಅದೇ ದುಡ್ಡಿಗೆ ಹೊಸದೊಂದು ಸಾಧಾರಣ ಕಾರು ಬರುತ್ತೆ. ಯಾರಿಗೂ ಈ ಸಲಹೆ ಇಷ್ಟವಾಗಿಲ್ಲ.

ಮೇಸ್ತ್ರಿ ನಮಗೆ ಇನ್ನೊಂದು ದಾರಿಯನ್ನೂ ತೋರಿಸಿದ್ದರು. ಗಾಳಿಯ ಸಹವಾಸವೇ ಬೇಡ, ನಾಲ್ಕೂ ಕಡೆ ಉಕ್ಕಿನ ಸ್ಪ್ರಿಂಗ್ ಕಿಟ್ ಹಾಕಿಬಿಡೋಣ, ಖರ್ಚು ಅರ್ಧ, ಮುಂದೆ ತಲೆನೋವಿಲ್ಲ. ಅಣ್ಣ ಒಪ್ಪಿಬಿಟ್ಟಿದ್ದ. ನಾನೇ ತಡೆದೆ. ಮೆತ್ತಗೆ ಹೋಗಲಿ ಅಂತ ತಂದ ಕಾರಿನಿಂದ ಮೆತ್ತಗಿರೋದನ್ನೇ ಕಿತ್ತು ಹಾಕಿದರೆ ಉಳಿಯೋದು ಬರೀ ಲೋಗೋ. ಕೊನೆಗೆ ಮುಂದಿನ ಎರಡೂ ಚೀಲ ಒಟ್ಟಿಗೆ ಹೊಸದು, ಕಂಪೆನಿಯದ್ದಲ್ಲದ ಆದರೆ ಗ್ಯಾರಂಟಿ ಇರೋದು, ಹೊಸ ಬ್ಯಾಟರಿ, ಒಂದು ಟೈರ್ ಜೋಡಿ, ಎಲ್ಲಾ ಆದ ಮೇಲೆ ಅಲೈನ್‌ಮೆಂಟ್. ಎರಡು ಲಕ್ಷದ ಹತ್ತಿರ ಹೋಯ್ತು. ಬ್ಯಾಟರಿ ಬಿಚ್ಚಿ ಹಾಕಿದ್ದರಿಂದ ಸ್ಟೀರಿಂಗ್ ಸೆನ್ಸರಿಗೆ ನೇರ ಯಾವುದು ಅಂತ ಸ್ಕ್ಯಾನರಿನಲ್ಲಿ ಮತ್ತೆ ಕಲಿಸಬೇಕಾಯ್ತು. ಮೇಸ್ತ್ರಿ ಮಗ ಅದಕ್ಕೆ ದುಡ್ಡು ತಗೊಳ್ಳಲಿಲ್ಲ, ಒಂದು ಚೀಲ ಹಸಿ ಶುಂಠಿ ತಗೊಂಡ.

ಹಿಂದಿನ ಎರಡು ಚೀಲ ಇನ್ನೂ ಹಳೇವೇ. ಅಣ್ಣ ಈಗ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ಹಿಂದಿನ ಚಕ್ರದ ಮೇಲೆ ಬೆರಳಿಟ್ಟು ನೋಡ್ತಾನೆ. ಹೋದ ಸೋಮವಾರ ನಾಲ್ಕು ಬೆರಳು ಇತ್ತಂತೆ. ಮೊನ್ನೆ ಫೋನ್ ಮಾಡಿದಾಗ ಮೂರೂವರೆ ಅಂದ. ಈ ಸಲ ಕೊಯ್ಲಿನವರೆಗೂ ಕಾಯಲ್ಲ ಅಂತಲೂ ಅಂದ.