ಮೆಷಿನ್ನಿಗೆ ನೀರೇ ಬರುತ್ತಿಲ್ಲವೇ?

ನೆಂಟರು ಉಂಡೆದ್ದ ಪಾತ್ರೆಗಳನ್ನೆಲ್ಲ ಪಾತ್ರೆ ತೊಳೆಯುವ ಮೆಷಿನ್ನಿನಲ್ಲಿ ಜೋಡಿಸಿ ಗುಂಡಿ ಒತ್ತಿದ್ದೀರಿ. ಗುಂಯ್‌ಗುಡುತ್ತದೆ, ಒಳಗೆ ತೊಟ್ಟು ನೀರಿಲ್ಲ! ರಿಪೇರಿಯವನು ಬಂದರೆ ‘ವಾಲ್ವ್ ಹೋಗಿದೆ ಅಮ್ಮಾ’ ಅಂತಲೇ ಶುರುಮಾಡುತ್ತಾನೆ. ಅದಕ್ಕೂ ಮುಂಚೆ ನೀವೇ ನೋಡಿ.

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಪೈಪು ಬಿಚ್ಚಿ. ಅದರ ಬಾಯಲ್ಲೊಂದು ಪುಟ್ಟ ಜಾಲರಿ ಇರುತ್ತದೆ. ನಮ್ಮದು ಬೋರ್‌ವೆಲ್ ನೀರು. 3 ತಿಂಗಳಿಗೆಲ್ಲ ಸುಣ್ಣದ ಬಿಳಿ ಕರೆ ಕಟ್ಟುತ್ತದೆ. ಜಾಲರಿ ತೆಗೆದು ನಿಂಬೆರಸದಲ್ಲಿ ನೆನೆಸಿ, ಹಳೇ ಬ್ರಷ್ಷಿನಿಂದ ಉಜ್ಜಿ. (ಪೈಪಿನ ತುದಿಗೆ ದಪ್ಪ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದನ್ನು ಮಾತ್ರ ನೀರಿಗೆ ಅದ್ದಬೇಡಿ, ಒಳಗೆ ಕರೆಂಟಿನ ವಾಲ್ವ್ ಇರುತ್ತದೆ.)

ಹಾಗೇ ನಲ್ಲಿಗೆ ಬಕೆಟ್ ಹಿಡಿದು ತಿರುಗಿಸಿ. ಸಣ್ಣ ಧಾರೆ ಬಂದರೆ ತಪ್ಪು ಮೆಷಿನ್ನಿನದಲ್ಲ, ಟ್ಯಾಂಕಿನದು. 10 ಅಡಿ ಮೇಲಿನ ಟ್ಯಾಂಕಿನಿಂದ ಸಿಗುವ ಒತ್ತಡ ಬರೀ 0.3 ಬಾರ್, ಹಲವು ಮೆಷಿನ್ನುಗಳಿಗೆ ಸಾಲದು. ನಮ್ಮ ಅಡುಗೆಮನೆ ಮಹಡಿ ಮೇಲೆ. ಸಣ್ಣ ಪಂಪು ಹಾಕಿಸಿದ ಮೇಲೆಯೇ ನೀರು ತುಂಬಿದ್ದು.